ಪ್ರಶ್ನೋತ್ತರ: ತಿರುವಿನಲ್ಲಿ ಇಳಿಯುವ ವಿಮಾನಗಳು, ಬದಲಾಗುವ ವಾಯುಮಾರ್ಗಗಳು

ರನ್‌ವೇಯತ್ತ ದೂರದಿಂದಲೇ ನೇರವಾಗಿ ಬರುವ ಬದಲು ತಿರುವು ತೆಗೆದುಕೊಂಡು ಇಳಿಯುವ ಪದ್ಧತಿಯ ಕುರಿತು, ಅದರ ಬೆನ್ನಿಗೇ ಬರುವ ಹೊಸ ವಾಯುಮಾರ್ಗಗಳ ಕುರಿತು ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯ ಕೇಳಿದ್ದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಆಕಾಶದಲ್ಲಿ ಅಷ್ಟೊಂದು ಜಾಗವಿರುವಾಗ ವಿಮಾನಗಳೆಲ್ಲ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದಿಂದಲೇ ಒಂದೇ ಗೆರೆಯ ಮೇಲೆ ಸಾಲಾಗಿ ಬರುವುದೇಕೆ? ರನ್‌ವೇ ಹತ್ತಿರ ಬಂದ ಮೇಲೆ ತಿರುಗಿ ಇಳಿಯಲು ಅವಕ್ಕೆ ಸಾಧ್ಯವಿಲ್ಲವೇ?

ಉತ್ತರ: ಸಾಧ್ಯವಿದೆ. ತಿರುಗುವ ಸಾಮರ್ಥ್ಯ ವಿಮಾನಕ್ಕೆ ಮೊದಲಿನಿಂದಲೂ ಇದೆ. ನೇರ ಗೆರೆಯ ಕಟ್ಟುಪಾಡು ಬಂದದ್ದು ನೆಲದ ಮೇಲಿರುವ ಉಪಕರಣದಿಂದ. ಮೋಡ ಕವಿದಾಗ, ಮಂಜು ಮುಸುಕಿದಾಗ ಪೈಲಟ್‌ಗೆ ದಾರಿ ತೋರಿಸುವ ಐಎಲ್‌ಎಸ್ ಎಂಬ ವ್ಯವಸ್ಥೆಯು 1940ರ ದಶಕದ ಕೊನೆಯಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು ಮತ್ತು ಇಂದಿಗೂ ಜಗತ್ತಿನ ದಟ್ಟಣೆಯ ನಿಲ್ದಾಣಗಳ ಮುಖ್ಯ ಆಧಾರ ಅದೇ. ಅದರ ಒಂದು ಆಂಟೆನಾ ಸಾಲು ರನ್‌ವೇಯ ಆಚೆ ತುದಿಯಲ್ಲಿ ನಿಂತು, ವಿಮಾನ ಬರುವ ದಿಕ್ಕಿಗೆ ಎರಡು ರೇಡಿಯೋ ಸಂಕೇತಗಳನ್ನು ಬೀರುತ್ತದೆ. ಬರುವ ವಿಮಾನದ ಎಡಕ್ಕೆ 90 ಹರ್ಟ್ಸ್ ಸ್ವರ ಜೋರಾಗಿರುತ್ತದೆ, ಬಲಕ್ಕೆ 150 ಹರ್ಟ್ಸ್ ಸ್ವರ ಜೋರಾಗಿರುತ್ತದೆ, ಎರಡೂ ಸಮವಾಗಿರುವ ಕಡೆ ರನ್‌ವೇಯ ಮಧ್ಯರೇಖೆಯಿದೆ. ರನ್‌ವೇ ಪಕ್ಕದಲ್ಲಿರುವ ಇನ್ನೊಂದು ಆಂಟೆನಾ ಇದೇ ತಂತ್ರದಿಂದ ಎತ್ತರವನ್ನು ತೋರಿಸುತ್ತದೆ. ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಎರಡು ಸ್ವರಗಳು ಸಮವಾಗುವ ಬಿಂದುಗಳನ್ನೆಲ್ಲ ಸೇರಿಸಿದರೆ ಸಿಗುವುದು ಒಂದು ನೇರ ರೇಖೆ ಮಾತ್ರ. ಆ ರೇಖೆಯನ್ನು ಹಿಡಿದು ನೆಲೆಗೊಳ್ಳಲು ವಿಮಾನಕ್ಕೆ ಒಂದಷ್ಟು ದೂರ ಬೇಕು, ಹಿಂದಿನ ವಿಮಾನಕ್ಕೂ ಅದೇ ರೇಖೆ ಬೇಕು, ಆದ್ದರಿಂದ ಸಾಲು ಉದ್ದವಾಗುತ್ತದೆ.

ಬಾಗಿ ಬರುವ ದಾರಿಗಳು ಮೊದಲೂ ಇದ್ದವು, ಆದರೆ ಅವು ಬಹುಪಾಲು ಕಣ್ಣಳತೆಯ ದಾರಿಗಳು. ಹಾಂಗ್‌ಕಾಂಗ್‌ನ ಹಳೆಯ ಕೈ ಟಾಕ್ ನಿಲ್ದಾಣದ 13ನೇ ರನ್‌ವೇಗೆ ಇಳಿಯುವವರಿಗೆ ಉಪಕರಣವು ಒಂದು ಗುಡ್ಡದ ದಿಕ್ಕನ್ನು ತೋರಿಸುತ್ತಿತ್ತು. ಆ ಗುಡ್ಡದ ಮೇಲೆ ಚದುರಂಗದ ಮನೆಗಳಂತೆ ಕೆಂಪು ಬಿಳಿ ಬಣ್ಣ ಬಳಿದಿದ್ದರು. ಅದು ಕಂಡ ಕೂಡಲೇ ಪೈಲಟ್ ವಿಮಾನವನ್ನು ಬಲಕ್ಕೆ 47 ಡಿಗ್ರಿ ತಿರುಗಿಸಿ, ಕಟ್ಟಡಗಳ ಮೇಲೆ ಹಾದು, ಕೆಲವೇ ನೂರು ಅಡಿ ಎತ್ತರದಲ್ಲಿ ರನ್‌ವೇಗೆ ಹೊಂದಿಸಿಕೊಳ್ಳಬೇಕಿತ್ತು. 1998ರ ಜುಲೈನಲ್ಲಿ ಆ ನಿಲ್ದಾಣ ಮುಚ್ಚಿತು. ವಾಷಿಂಗ್ಟನ್‌ನ ರೇಗನ್ ನಿಲ್ದಾಣಕ್ಕೆ ಉತ್ತರದಿಂದ ಬರುವ ವಿಮಾನಗಳು ಹವೆ ತಿಳಿಯಾಗಿದ್ದರೆ ಇಂದಿಗೂ ಪೊಟೊಮ್ಯಾಕ್ ನದಿಯ ತಿರುವುಗಳನ್ನು ನೋಡಿಕೊಂಡೇ ಇಳಿಯುತ್ತವೆ, ಏಕೆಂದರೆ ನದಿಯ ಪಕ್ಕದಲ್ಲೇ ಹಾರಾಟಕ್ಕೆ ನಿಷೇಧವಿರುವ ವಾಯುಪ್ರದೇಶವಿದೆ.

ಕಣ್ಣಳತೆಯನ್ನು ಬಿಟ್ಟು ಉಪಕರಣದ ಆಧಾರದಲ್ಲೇ ಬಾಗಿ ಇಳಿಯುವ ಮೊದಲ ದೊಡ್ಡ ಪ್ರಯತ್ನ ಸೂಕ್ಷ್ಮತರಂಗ ಆಧಾರಿತ ಎಂಎಲ್‌ಎಸ್. 1978ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದರ ತಂತ್ರವನ್ನು ಆಯ್ಕೆ ಮಾಡಿತು. ಅಷ್ಟರಲ್ಲಿ ಜಿಪಿಎಸ್ ಬಂದಿತು, 1994ರಲ್ಲಿ ಅಮೆರಿಕ ಎಂಎಲ್‌ಎಸ್ ಯೋಜನೆಯಿಂದ ಹಿಂದೆ ಸರಿಯಿತು, ಐಎಲ್‌ಎಸ್‌ಗೆ ಪರ್ಯಾಯವಾಗಲೆಂದು ಹುಟ್ಟಿದ ವ್ಯವಸ್ಥೆ ಬದಿಗೆ ಸರಿದುಹೋಯಿತು. 1996ರಲ್ಲಿ ಅಲಾಸ್ಕಾ ಏರ್‌ಲೈನ್ಸ್ ಜೂನೋ ಪಟ್ಟಣದ ಬಳಿಯ ಗ್ಯಾಸ್ಟಿನೋ ಕಡಲ ಕಾಲುವೆಯ ಉದ್ದಕ್ಕೂ, ಎರಡೂ ಬದಿಯ ಬೆಟ್ಟಗಳ ನಡುವೆ, ಉಪಗ್ರಹದ ಆಧಾರದಲ್ಲಿ ವಿಮಾನವನ್ನು ಇಳಿಸಲು ಆರಂಭಿಸಿದ್ದು ಈಗಿನ ಪದ್ಧತಿಯ ನಿಜವಾದ ಮೊದಲು. ಅದನ್ನು ಆರ್‌ಎನ್‌ಪಿ ಎನ್ನುತ್ತಾರೆ. ಇದರಲ್ಲಿ ದಾರಿಯು ನೆಲದ ಆಂಟೆನಾದಿಂದ ಹೊರಡುವುದಿಲ್ಲ. ವಿಮಾನದ ಕಂಪ್ಯೂಟರ್‌ನಲ್ಲಿ ಅಕ್ಷಾಂಶ ರೇಖಾಂಶಗಳ ಸರಣಿಯಾಗಿ ಬರೆದಿರುತ್ತದೆ. ಆದ್ದರಿಂದ ಅದು ಎತ್ತ ಬೇಕಾದರೂ ಬಾಗಬಹುದು.

ಪ್ರಶ್ನೆ: ತಿರುವಿನಲ್ಲಿ ಗಾಳಿ ಹೊರಕ್ಕೆ ತಳ್ಳಿದರೆ ವಿಮಾನ ಗೆರೆ ತಪ್ಪುವುದಿಲ್ಲವೇ? ಎಷ್ಟು ನಿಖರವಾಗಿ ಅದು ದಾರಿಯಲ್ಲಿರುತ್ತದೆ?

ಉತ್ತರ: ಪ್ರಶ್ನೆ ಸರಿಯಾದ ಜಾಗಕ್ಕೇ ಕೈಯಿಟ್ಟಿದೆ. ಹಿಂದಿನ ಪದ್ಧತಿಯಲ್ಲಿ ವಿಮಾನವು ಒಂದು ನಿಗದಿತ ಬಿಂದುವನ್ನು ಹಾದು ಮುಂದಿನ ಬಿಂದುವಿನತ್ತ ತಿರುಗುತ್ತಿತ್ತು, ಆ ತಿರುವಿನ ಅಗಲ ಎಷ್ಟಾಗುತ್ತದೆ ಎಂಬುದು ವೇಗ ಮತ್ತು ಗಾಳಿಗೆ ಬಿಟ್ಟ ವಿಷಯವಾಗಿತ್ತು. ಒಂದೇ ಮಾದರಿಯ ಎರಡು ವಿಮಾನಗಳು ಒಂದೇ ಬಿಂದುವಿನಲ್ಲಿ ತಿರುಗಿದರೂ ನೆಲದ ಮೇಲಿನ ಜಾಡು ಬೇರೆಯಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ತಿರುವನ್ನೇ ಒಂದು ವೃತ್ತಖಂಡವಾಗಿ ಬರೆಯಲಾಗುತ್ತದೆ. ಕೇಂದ್ರ ಇಂತಲ್ಲಿ, ತ್ರಿಜ್ಯ ಇಷ್ಟು, ಕೊನೆಯ ಬಿಂದು ಇಂತಲ್ಲಿ ಎಂದು ಗೊತ್ತಿರುವುದರಿಂದ ವಿಮಾನವು ಗಾಳಿಗೆ ತಕ್ಕಂತೆ ತನ್ನ ವಾಲಿಕೆಯನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಂಡು ಅದೇ ವೃತ್ತದ ಮೇಲೆ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಬಹುದು. ನೆಲಕ್ಕೆ ಹೋಲಿಸಿದರೆ 160 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 296 ಕಿಲೋಮೀಟರ್ ವೇಗದಲ್ಲಿ ಚಲಿಸುವ ವಿಮಾನ 20 ಡಿಗ್ರಿ ವಾಲಿದರೆ ಅದರ ತಿರುವಿನ ತ್ರಿಜ್ಯ ಸುಮಾರು 1.9 ಕಿಲೋಮೀಟರ್ ಆಗುತ್ತದೆ. ಅದೇ ವೃತ್ತದ ಮೇಲೆ ಹಿಂದಿನಿಂದ 30 ನಾಟ್ ಗಾಳಿ ಬೀಸಿ ನೆಲದ ವೇಗ 190 ನಾಟ್ ಆಯಿತೆನ್ನಿ: ವಾಲಿಕೆ ಸುಮಾರು 27 ಡಿಗ್ರಿಗೆ ಏರಬೇಕು. ಎದುರುಗಾಳಿಯಿಂದ ವೇಗ 140 ನಾಟ್‌ಗೆ ಇಳಿದರೆ 16 ಡಿಗ್ರಿಗಿಂತ ಕಡಿಮೆ ವಾಲಿಕೆ ಸಾಕು. ಅರ್ಧ ವೃತ್ತ ಸುತ್ತುವಷ್ಟರಲ್ಲಿ ಹಿಂಗಾಳಿ ಎದುರುಗಾಳಿಯಾಗುವುದರಿಂದ ಈ ಎರಡೂ ಸ್ಥಿತಿಗಳು ಒಂದೇ ತಿರುವಿನಲ್ಲಿ ಬರಬಹುದು. ವೇಗ ಮಿತಿ ಮೀರಿದರೆ ಸುರಕ್ಷಿತ ವಾಲಿಕೆಯಲ್ಲಿ ವೃತ್ತದ ಮೇಲೆ ಉಳಿಯಲಾಗದು. ಹಾಗಾಗಿಯೇ ಇಂತಹ ತಿರುವುಗಳ ನಕ್ಷೆಯಲ್ಲಿ ಗರಿಷ್ಠ ವೇಗವನ್ನೂ ನಮೂದಿಸಿರುತ್ತಾರೆ.

ನಿಖರತೆಯನ್ನು ನಾಟಿಕಲ್ ಮೈಲಿನಲ್ಲಿ ಹೇಳುವುದು ರೂಢಿ. ಒಂದು ನಾಟಿಕಲ್ ಮೈಲು 1,852 ಮೀಟರ್. ಆರ್‌ಎನ್‌ಪಿ 0.3 ಎಂದರೆ ಹಾರಾಟದ ಅವಧಿಯಲ್ಲಿ ಶೇಕಡಾ 95ರಷ್ಟು ಹೊತ್ತು ವಿಮಾನವು ಗೆರೆಯಿಂದ ಎಡಕ್ಕಾಗಲಿ ಬಲಕ್ಕಾಗಲಿ 556 ಮೀಟರಿನೊಳಗೆ ಇರಬೇಕು ಎಂದರ್ಥ, 0.1 ಎಂದರೆ ಆ ಅಂತರ 185 ಮೀಟರ್. ವಾಸ್ತವದಲ್ಲಿ ಸ್ವಯಂಚಾಲಿತವಾಗಿ ಹಾರುವ ವಿಮಾನಗಳು ಇದಕ್ಕಿಂತ ಎಷ್ಟೋ ಹತ್ತಿರ ಉಳಿಯುತ್ತವೆ. ಸಂಖ್ಯೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ತನ್ನ ಸ್ಥಾನದ ಅಂದಾಜು ಎಷ್ಟು ವಿಶ್ವಾಸಾರ್ಹ ಎಂಬುದನ್ನು ವಿಮಾನವೇ ಸತತವಾಗಿ ಪರಿಶೀಲಿಸುತ್ತಿರುತ್ತದೆ, ಮಿತಿಯೊಳಗೆ ಇದ್ದೇನೆಂಬ ಖಾತರಿ ತಪ್ಪಿದರೆ ಪೈಲಟ್‌ಗೆ ಎಚ್ಚರಿಕೆ ಕೊಡುತ್ತದೆ. ಬೆಟ್ಟದ ಸಂದಿಯಲ್ಲಿ ಇಳಿಯುವಾಗ ಈ ಎಚ್ಚರಿಕೆಯೇ ಪದ್ಧತಿಯ ಜೀವಾಳ.

ಪ್ರಶ್ನೆ: 1996ರಿಂದಲೇ ಇದು ಚಾಲ್ತಿಯಲ್ಲಿದೆ ಎಂದಮೇಲೆ ದೊಡ್ಡ ನಿಲ್ದಾಣಗಳು ಇನ್ನೂ ಉದ್ದ ಸಾಲಿನಲ್ಲೇ ವಿಮಾನಗಳನ್ನು ತರಿಸಿಕೊಳ್ಳುತ್ತಿರುವುದೇಕೆ? ಇಂಧನ ಉಳಿಸುವ ಮನಸ್ಸಿಲ್ಲವೇ?

ಉತ್ತರ: ಉಳಿತಾಯದ ಪ್ರಮಾಣವನ್ನು ಮೊದಲು ಒಪ್ಪಿಕೊಳ್ಳೋಣ. ರನ್‌ವೇಗೆ ಸಮಾನಾಂತರವಾಗಿ ವಿರುದ್ಧ ದಿಕ್ಕಿನಲ್ಲಿ ಸಾಗುವ ವಿಮಾನ 12 ನಾಟಿಕಲ್ ಮೈಲು ದೂರ ಹೋಗಿ ತಿರುಗುವ ಬದಲು 5 ಮೈಲಿಗೇ ತಿರುಗಿದರೆ, ಹೋಗುವಾಗ 7, ಬರುವಾಗ 7, ಒಟ್ಟು 14 ನಾಟಿಕಲ್ ಮೈಲು ಉಳಿಯುತ್ತದೆ. ಅದು 26 ಕಿಲೋಮೀಟರ್, ಸುಮಾರು ನಾಲ್ಕು ನಿಮಿಷದ ಹಾರಾಟ. ನಡುವೆ ಸಮತಟ್ಟಾಗಿ ಹಾರದೆ ಎಂಜಿನ್ ಶಕ್ತಿ ತಗ್ಗಿಸಿಕೊಂಡು ಒಂದೇ ಸಮನೆ ಇಳಿದು ಬರಲು ಸಾಧ್ಯವಾದರೆ ಉಳಿತಾಯ ಇನ್ನೂ ಹೆಚ್ಚು. ಒಂದು ವಿಮಾನವನ್ನಷ್ಟೇ ನೋಡಿದರೆ ವಾದ ಇಲ್ಲಿಗೆ ಮುಗಿಯಬೇಕು.

ಆದರೆ ದಟ್ಟಣೆಯ ನಿಲ್ದಾಣದಲ್ಲಿ ಒಂದು ವಿಮಾನ ಎಂಬುದೇ ಇಲ್ಲ, ಸಾಲು ಮಾತ್ರ ಇದೆ. ಮುಂದಿನ ವಿಮಾನಕ್ಕೂ ಹಿಂದಿನದಕ್ಕೂ ಕನಿಷ್ಠ 3 ನಾಟಿಕಲ್ ಮೈಲು ಅಂತರ ಸಾಮಾನ್ಯ ನಿಯಮ. ಮುಂದಿನದು ಭಾರಿ ವಿಮಾನವಾಗಿದ್ದರೆ ಅದು ಹಿಂದೆ ಬಿಟ್ಟುಹೋಗುವ ಗಾಳಿಯ ಸುಳಿಗಳ ಕಾರಣ ಅಂತರ ಇನ್ನೂ ಹೆಚ್ಚಬೇಕು. ಸರಾಸರಿ 90 ಸೆಕೆಂಡಿಗೆ ಒಂದರಂತೆ ಇಳಿಸಿದರೆ ಗಂಟೆಗೆ 40 ವಿಮಾನ. ಪ್ರತಿ ಅಂತರದಲ್ಲಿ ಕೇವಲ 5 ಸೆಕೆಂಡ್ ಪೋಲಾದರೆ ಗಂಟೆಗೆ 38ಕ್ಕೂ ಕಡಿಮೆ. ಆ ಎರಡು ವಿಮಾನಗಳು ಎಲ್ಲೋ ಒಂದು ಕಡೆ ಸುತ್ತು ಹಾಕುತ್ತಾ ಕಾಯಬೇಕು, ಅವುಗಳ ಹಿಂದಿನವೂ ಕಾಯಬೇಕು. ತಿರುವಿನಲ್ಲಿ ಉಳಿದ ಇಂಧನ ಕಾಯುವುದರಲ್ಲಿ ಸುಟ್ಟುಹೋಗುತ್ತದೆ.

ಸಂಚಾರ ನಿಯಂತ್ರಕರ ಮುಂದಿನ ಪರದೆಯನ್ನು ಕಲ್ಪಿಸಿಕೊಂಡರೆ ತೊಡಕು ಸ್ಪಷ್ಟವಾಗುತ್ತದೆ. ಎಲ್ಲ ವಿಮಾನಗಳೂ ಒಂದೇ ನೇರ ರೇಖೆಯಲ್ಲಿದ್ದರೆ ಯಾವುದು ಮುಂದೆ, ಯಾವುದು ವೇಗವಾಗಿ ಹತ್ತಿರವಾಗುತ್ತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ‘4 ಮೈಲಿನವರೆಗೆ 160 ನಾಟ್ ಕಾಯ್ದುಕೊಳ್ಳಿ’ ಎಂಬಂತಹ ಒಂದು ಸೂಚನೆಯಿಂದ ಇಡೀ ಸಾಲು ಹದಕ್ಕೆ ಬರುತ್ತದೆ. ಒಂದು ವಿಮಾನ ಬಾಗಿದ ದಾರಿಯಲ್ಲೂ ಇನ್ನೊಂದು ನೇರ ದಾರಿಯಲ್ಲೂ ಬರುತ್ತಿದ್ದರೆ ಇಬ್ಬರಿಗೂ ರನ್‌ವೇ ಎಷ್ಟು ದೂರ ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಲೆಕ್ಕದಿಂದ ತಿಳಿಯಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ ಬಾಗಿದ ದಾರಿಗೆ ಸೇರಿದ ವಿಮಾನವನ್ನು ಎಡಕ್ಕೋ ಬಲಕ್ಕೋ ಸ್ವಲ್ಪ ಸರಿಸಿ ಅಂತರ ಹೊಂದಿಸುವ ಹಳೆಯ ಉಪಾಯ ಕೈತಪ್ಪುತ್ತದೆ. ದಾರಿಯಿಂದ ಹೊರಗೆಳೆದರೆ ದಾರಿಯ ಪ್ರಯೋಜನವೇ ಹೋಯಿತು. ಇದರ ಜೊತೆಗೆ, ತೀರ ಇಕ್ಕಟ್ಟಾದ ಆರ್‌ಎನ್‌ಪಿ ದಾರಿಗಳಲ್ಲಿ ಇಳಿಯಲು ವಿಮಾನಕ್ಕೂ ಸಿಬ್ಬಂದಿಗೂ ವಿಶೇಷ ಅನುಮತಿ ಬೇಕು, ಅದು ಎಲ್ಲರ ಬಳಿ ಇರುವುದಿಲ್ಲ. ಹತ್ತರಲ್ಲಿ ಎರಡು ವಿಮಾನಗಳು ಬೇರೆ ದಾರಿಯಲ್ಲಿ ಬರಬೇಕಾದರೂ ನಿಯಂತ್ರಕರು ಎರಡು ಬಗೆಯ ಸಾಲುಗಳನ್ನು ಹೆಣೆಯಬೇಕಾಗುತ್ತದೆ. ಇಲ್ಲಿ ಮನಸ್ಸಿನ ಕೊರತೆಗಿಂತ ಹೆಣಿಗೆಯ ಕಷ್ಟವೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ಪರಿಹಾರಗಳು ಎರಡು ದಿಕ್ಕಿನಿಂದ ಬಂದಿವೆ. ಯೂರೋಪಿನ ವಾಯುಸಂಚಾರವನ್ನು ಸಂಯೋಜಿಸುವ ಯೂರೋಕಂಟ್ರೋಲ್ ಸಂಸ್ಥೆಯ ಪ್ರಯೋಗ ಕೇಂದ್ರದಲ್ಲಿ ರೂಪುಗೊಂಡ ‘ಪಾಯಿಂಟ್ ಮರ್ಜ್’ ಪದ್ಧತಿ 2011ರಲ್ಲಿ ಓಸ್ಲೋದಲ್ಲಿ, ಮುಂದಿನ ವರ್ಷ ಡಬ್ಲಿನ್‌ನಲ್ಲಿ ಜಾರಿಗೆ ಬಂದಿತು. ಒಂದು ಸಂಗಮ ಬಿಂದುವಿನಿಂದ ಸಮಾನ ದೂರದಲ್ಲಿರುವ ಕಮಾನಿನಾಕಾರದ ದಾರಿಯಲ್ಲಿ ವಿಮಾನಗಳು ಸಾಗುತ್ತವೆ; ಮುಂದಿನದಕ್ಕೂ ತನಗೂ ಸಾಕಷ್ಟು ಅಂತರ ಬಂದ ಕ್ಷಣದಲ್ಲಿ ಪ್ರತಿಯೊಂದಕ್ಕೂ ‘ನೇರ ಬಿಂದುವಿಗೆ ಹೊರಡಿ’ ಎಂಬ ಒಂದೇ ಸೂಚನೆ ಸಿಗುತ್ತದೆ. ಕಮಾನಿನ ಮೇಲೆ ಎಲ್ಲಿದ್ದರೂ ಬಿಂದುವಿಗೆ ದೂರ ಒಂದೇ ಆದ್ದರಿಂದ ಲೆಕ್ಕ ಸುಲಭ. ಸರದಿಯನ್ನು ಇಳಿಯುವ ಮುನ್ನವೇ ಅಚ್ಚುಕಟ್ಟು ಮಾಡುವ ಈ ಪದ್ಧತಿಯಲ್ಲಿ ಕಮಾನುಗಳಿಗೆ ಆಕಾಶದಲ್ಲಿ ಸಾಕಷ್ಟು ಜಾಗ ಬೇಕೆಂಬುದು ಒಂದು ಕೊರತೆ.

ಇನ್ನೊಂದು ಪರಿಹಾರ ಸಮಾನಾಂತರ ರನ್‌ವೇಗಳಿರುವ ನಿಲ್ದಾಣಗಳದು. ಎರಡು ರನ್‌ವೇಗಳತ್ತ ಎರಡು ಬದಿಯಿಂದ ತಿರುಗಿ ಬರುವ ವಿಮಾನಗಳು ತಮ್ಮ ತಮ್ಮ ನೇರ ರೇಖೆಯಲ್ಲಿ ನೆಲೆಗೊಳ್ಳುವವರೆಗೂ ಅವುಗಳ ನಡುವೆ 1,000 ಅಡಿ ಎತ್ತರದ ವ್ಯತ್ಯಾಸ ಅಥವಾ 3 ನಾಟಿಕಲ್ ಮೈಲು ಅಂತರ ಇರಲೇಬೇಕೆಂಬುದು ಹಳೆಯ ನಿಯಮ. ಒಂದನ್ನು ಎತ್ತರದಲ್ಲಿ ದೂರಕ್ಕೆ ಕರೆದೊಯ್ದು ತಿರುಗಿಸದೆ ಬೇರೆ ದಾರಿಯಿರಲಿಲ್ಲ. ಬಾಗಿದ ಆರ್‌ಎನ್‌ಪಿ ದಾರಿಯನ್ನು ಹಿಡಿದ ವಿಮಾನವನ್ನು ಆ ತಿರುವಿನಲ್ಲಿದ್ದಾಗಲೇ ‘ನೆಲೆಗೊಂಡಿದೆ’ ಎಂದು ಪರಿಗಣಿಸಬಹುದು ಎಂಬ ಹೊಸ ನಿಯಮ ಈ ಗಂಟನ್ನು ಸಡಿಲಿಸಿತು. ಡೆನ್ವರ್‌ನಲ್ಲಿ ಇದು ಬಳಕೆಯಲ್ಲಿದೆ. ಕೆನಡಾದ ಕ್ಯಾಲ್ಗರಿ 2018ರಲ್ಲಿ ಅಳವಡಿಸಿಕೊಂಡಿತು. ವಿಮಾನದಲ್ಲಿ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಇದ್ದ ನಿಖರತೆಯನ್ನು ನಿಯಮವು ನಂಬಲು ಒಪ್ಪಿದ್ದೇ ಬದಲಾವಣೆ.

ಪ್ರಶ್ನೆ: ಮೊದಲು ವಿಮಾನಗಳು ಅಲ್ಲೊಂದು ಇಲ್ಲೊಂದು ಹಾದುಹೋಗುತ್ತಿದ್ದ ಬಡಾವಣೆಯಲ್ಲಿ, ದಾರಿ ಬದಲಾದ ಮೇಲೆ ಪ್ರತಿಯೊಂದೂ ಒಂದೇ ಸಾಲಿನ ಮನೆಗಳ ಮೇಲೆ ಹೋಗುತ್ತದೆ. ಒಟ್ಟು ಶಬ್ದ ಕಡಿಮೆಯಾಗಿದೆ ಎಂದು ಅಧಿಕಾರಿಗಳು ಹೇಳುತ್ತಾರೆ, ನಿದ್ರೆಯಿಲ್ಲವೆಂದು ನಿವಾಸಿಗಳು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿಯಿರಬಹುದು, ಜಗಳ ಬಗೆಹರಿಯದಿರಲು ಕಾರಣವೂ ಅದೇ.

ನಿಯಂತ್ರಕರು ರೇಡಾರ್ ನೋಡಿ ಬಾಯಿಮಾತಿನಲ್ಲಿ ತಿರುಗಿಸುತ್ತಿದ್ದ ಕಾಲದಲ್ಲಿ ಪ್ರತಿ ವಿಮಾನದ ತಿರುವೂ ಒಂದಿಷ್ಟು ಆಚೀಚೆಯಾಗುತ್ತಿತ್ತು. ದಿನದ ಜಾಡುಗಳನ್ನೆಲ್ಲ ನಕ್ಷೆಯ ಮೇಲೆ ಎಳೆದರೆ ಹಲವು ಕಿಲೋಮೀಟರ್ ಅಗಲದ ಪಟ್ಟಿ ಕಾಣುತ್ತಿತ್ತು. ಉಪಗ್ರಹ ಆಧಾರಿತ ದಾರಿ ಬಂದ ಮೇಲೆ ಅದೇ ಜಾಡುಗಳು ಒಂದರ ಮೇಲೊಂದು ಕುಳಿತು, ಬಂಡಿಗಳು ಹೋಗಿ ಹೋಗಿ ಆಳವಾದ ಚಕ್ರದ ಜಾಡಿನಂತೆ ಒಂದೇ ಗೆರೆಯಾಗುತ್ತವೆ. ಪಟ್ಟಿಯ ಉಳಿದ ಭಾಗದವರಿಗೆ ನೆಮ್ಮದಿ, ಗೆರೆಯ ಕೆಳಗಿನವರಿಗೆ ಎಲ್ಲರ ಪಾಲೂ. ಶಬ್ದಕ್ಕೆ ಒಳಗಾಗುವ ಒಟ್ಟು ಜನರ ಸಂಖ್ಯೆ ಇಳಿಯಿತೆಂದು ವರದಿಯಲ್ಲಿ ಬರೆದರೆ ಅದು ಸುಳ್ಳಾಗುವುದಿಲ್ಲ.

ಅಳತೆಯ ವಿಧಾನವೂ ಇದಕ್ಕೆ ಸೇರಿಕೊಳ್ಳುತ್ತದೆ. ಬಹುತೇಕ ದೇಶಗಳು ವಿಮಾನದ ಶಬ್ದವನ್ನು ದಿನಪೂರ್ತಿಯ ಸರಾಸರಿಯಾಗಿ ಲೆಕ್ಕ ಹಾಕುತ್ತವೆ. ಅಮೆರಿಕದ ಲೆಕ್ಕದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹಾರಾಟಗಳಿಗೆ 10 ಡೆಸಿಬೆಲ್ ಹೆಚ್ಚುವರಿಯಾಗಿ ಸೇರಿಸುತ್ತಾರೆ; 65 ಡೆಸಿಬೆಲ್‌ನ ಸರಾಸರಿಯು ಅಲ್ಲಿ ಮಹತ್ವದ ಗಡಿ. ಡೆಸಿಬೆಲ್ ಎಂಬುದು ಲಘುಗಣಕದ ಮಾನ. ಒಂದು ಮನೆಯ ಮೇಲೆ ದಿನಕ್ಕೆ 100 ವಿಮಾನ ಹೋಗುತ್ತಿದ್ದದ್ದು 200 ಆದರೆ ಸರಾಸರಿ ಏರುವುದು ಕೇವಲ 3 ಡೆಸಿಬೆಲ್. ಕಾಗದದ ಮೇಲೆ ಅದು ಅಲ್ಪ ಬದಲಾವಣೆ. ಮನೆಯೊಳಗೆ ಕುಳಿತವರಿಗೆ ಮಾತು ನಿಲ್ಲಿಸಬೇಕಾದ ಸಂದರ್ಭಗಳು ಎರಡರಷ್ಟಾಗಿವೆ. ಜನರು ಸರಾಸರಿಯನ್ನು ಕೇಳಿಸಿಕೊಳ್ಳುವುದಿಲ್ಲ, ಒಂದೊಂದೇ ವಿಮಾನವನ್ನು ಕೇಳಿಸಿಕೊಳ್ಳುತ್ತಾರೆ. ಇದನ್ನು ಮನಗಂಡೇ ಆಸ್ಟ್ರೇಲಿಯಾದಲ್ಲಿ ಬೇರೊಂದು ಅಳತೆ ಬಳಕೆಗೆ ಬಂದಿತು: 70 ಡೆಸಿಬೆಲ್ ಮೀರಿ ಸದ್ದು ಮಾಡಿದ ಹಾರಾಟಗಳು ದಿನಕ್ಕೆ ಎಷ್ಟು ಎಂಬ ನೇರ ಎಣಿಕೆ. ನಿವಾಸಿಗಳು ಯಾವುದೇ ನಿಲ್ದಾಣದ ವರದಿಯನ್ನು ಓದುವಾಗ ಸರಾಸರಿಯ ಜೊತೆಗೆ ಈ ಎಣಿಕೆಯನ್ನೂ ಕೇಳುವುದು ಒಳಿತು.

ಅಧಿಕಾರಿಗಳು ಈ ಬದಲಾವಣೆಯನ್ನು ಬರಿಯ ತಾಂತ್ರಿಕ ತಿದ್ದುಪಡಿಯೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫೀನಿಕ್ಸ್ ನಗರ ಉದಾಹರಣೆ. ಅಲ್ಲಿ ಬದಲಾದದ್ದು ಇಳಿಯುವ ದಾರಿಗಿಂತ ಮುಖ್ಯವಾಗಿ ಹೊರಡುವ ದಾರಿ, ಆದರೆ ತಂತ್ರಜ್ಞಾನವೂ ತಕರಾರೂ ಒಂದೇ. 2014ರ ಸೆಪ್ಟೆಂಬರ್ 18ರಂದು ಹೊಸ ದಾರಿಗಳು ಜಾರಿಗೆ ಬಂದವು, ಪಶ್ಚಿಮಕ್ಕೆ ಹೊರಟ ವಿಮಾನಗಳು ನಗರದ ಹಳೆಯ ಐತಿಹಾಸಿಕ ಬಡಾವಣೆಗಳ ಮೇಲೆ ಒಂದೇ ಗೆರೆಯಲ್ಲಿ ಸಾಗತೊಡಗಿದವು. ದೂರುಗಳು ಫಲಿಸದಿದ್ದಾಗ ನಗರವೇ ನ್ಯಾಯಾಲಯಕ್ಕೆ ಹೋಯಿತು. 2017ರ ಆಗಸ್ಟ್ 29ರಂದು ಮೇಲ್ಮನವಿ ನ್ಯಾಯಾಲಯವು, ವಿಮಾನಯಾನ ಆಡಳಿತವು ಸೂಕ್ತ ಸಮಾಲೋಚನೆ ನಡೆಸದೆ ಮನಸೋಇಚ್ಛೆ ತೀರ್ಮಾನ ಕೈಗೊಂಡಿದೆ ಎಂದು ಹೇಳಿ ಆ ದಾರಿಗಳನ್ನು ಅಸಿಂಧುಗೊಳಿಸಿತು. ಮರುವರ್ಷ ಪಶ್ಚಿಮದ ದಾರಿಗಳು ಹೆಚ್ಚುಕಡಿಮೆ ಹಿಂದಿನಂತೆಯೇ ಆದವು. ಮೂರು ವರ್ಷದ ವ್ಯಾಜ್ಯಕ್ಕಿಂತ ಆರಂಭದಲ್ಲೇ ಸಭೆ ಕರೆದಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು ಎಂದು ಹೇಳಲು ವಿಮಾನಶಾಸ್ತ್ರ ಬೇಕಿಲ್ಲ.

ಬಾಗಿದ ದಾರಿಯಿಂದ ಒಂದು ನಿಜವಾದ ಪ್ರಯೋಜನವೂ ಇದೆ, ಅದು ಸರದಿ. ದಾರಿಯನ್ನು ಬೇಕಾದಂತೆ ಬರೆಯಬಹುದಾದರೆ ಒಂದೇ ರನ್‌ವೇಗೆ ಎರಡು ಮೂರು ದಾರಿಗಳನ್ನು ಬರೆದು, ಈ ವಾರ ಇದು, ಮುಂದಿನ ವಾರ ಅದು ಎಂದು ಹಂಚಬಹುದು. ಲಂಡನ್‌ನ ಹೀಥ್ರೂದಲ್ಲಿ ಪಶ್ಚಿಮಾಭಿಮುಖವಾಗಿ ಇಳಿಯುವಾಗ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇಯನ್ನೇ ಬದಲಿಸುವ ಪದ್ಧತಿ ಹಿಂದಿನಿಂದಲೂ ಇದೆ. ಅಲ್ಲಿನ ನಿವಾಸಿಗಳು ಆ ಗಡಿಯಾರಕ್ಕೆ ತಮ್ಮ ದಿನಚರಿಯನ್ನು ಹೊಂದಿಸಿಕೊಂಡಿದ್ದಾರೆ. ಯಾವಾಗ ಸದ್ದಿರುವುದಿಲ್ಲ ಎಂದು ಮೊದಲೇ ತಿಳಿದಿರುವುದು, ಸದ್ದು ಸ್ವಲ್ಪ ಕಡಿಮೆಯಾಗುವುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ನಮಗನ್ನಿಸುತ್ತದೆ.

ಆದರೆ ಸರದಿಗೂ ಎಲ್ಲೆಯಿದೆ, ಯೋಜನೆಗಳ ಪ್ರಚಾರಪತ್ರಗಳಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ದಾರಿಗಳು ಎಷ್ಟೇ ಬಗೆಯಲ್ಲಿ ಬಾಗಿ ಬಂದರೂ ಕೊನೆಯಲ್ಲಿ ರನ್‌ವೇಯ ರೇಖೆಗೆ ಸೇರಲೇಬೇಕು. ತಿರುವು ಮುಗಿಸಿ ರೆಕ್ಕೆ ಸಮಮಾಡಿಕೊಳ್ಳುವ ಬಿಂದು ರನ್‌ವೇಗಿಂತ ಕನಿಷ್ಠ ಸುಮಾರು 500 ಅಡಿ ಎತ್ತರದಲ್ಲಿರಬೇಕೆಂಬುದು ವಿನ್ಯಾಸದ ನಿಯಮ. ಹಲವು ವಿಮಾನ ಸಂಸ್ಥೆಗಳು ಮೋಡವಿದ್ದಾಗ 1,000 ಅಡಿಗೇ ವೇಗ, ಎತ್ತರ, ದಿಕ್ಕು ಎಲ್ಲವೂ ಸ್ಥಿರವಾಗಿರಬೇಕೆಂದು ಬಯಸುತ್ತವೆ. 3 ಡಿಗ್ರಿ ಇಳಿಜಾರಿನಲ್ಲಿ 1,000 ಅಡಿ ಎಂದರೆ ರನ್‌ವೇಯಿಂದ ಸುಮಾರು 5.5 ಕಿಲೋಮೀಟರ್. ಅದರೊಳಗೆ ವಾಸಿಸುವವರಿಗೆ ಎಷ್ಟು ದಾರಿ ಬರೆದರೂ ವಿಮಾನ ತಪ್ಪುವುದಿಲ್ಲ. ಸದ್ದು ಅತಿ ಹೆಚ್ಚು ಇರುವುದೂ ಅಲ್ಲಿಯೇ.

ಪ್ರಶ್ನೆ: ಬಾಗಿ ಬರುವುದಕ್ಕಿಂತ ಇನ್ನೂ ಕಡಿದಾಗಿ ಇಳಿದರೆ ಸದ್ದು ಕಡಿಮೆಯಾಗುವುದಿಲ್ಲವೇ?

ಉತ್ತರ: ಆಗುತ್ತದೆ, ನಿರೀಕ್ಷಿಸಿದಷ್ಟಲ್ಲ. ರನ್‌ವೇಯಿಂದ 10 ಕಿಲೋಮೀಟರ್ ದೂರದಲ್ಲಿ 3 ಡಿಗ್ರಿ ಇಳಿಜಾರಿನ ವಿಮಾನ ಸುಮಾರು 524 ಮೀಟರ್ ಎತ್ತರದಲ್ಲಿರುತ್ತದೆ, 3.2 ಡಿಗ್ರಿಯದು 559 ಮೀಟರ್ ಎತ್ತರದಲ್ಲಿರುತ್ತದೆ. ದೂರ ಎರಡರಷ್ಟಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬ ನಿಯಮದಂತೆ ಈ 35 ಮೀಟರಿನ ಲಾಭ ಅರ್ಧ ಡೆಸಿಬೆಲ್‌ನಷ್ಟು ಮಾತ್ರ. ಕಿವಿಗೆ ಅದು ತಿಳಿಯುವುದಿಲ್ಲ. ಫ್ರಾಂಕ್‌ಫರ್ಟ್‌ನ ವಾಯವ್ಯ ರನ್‌ವೇಯಲ್ಲಿ 3.2 ಡಿಗ್ರಿ ಬಳಕೆಯಲ್ಲಿದೆ. ಲಂಡನ್ ಸಿಟಿ ನಿಲ್ದಾಣದಲ್ಲಿ 5.5 ಡಿಗ್ರಿ, ಆದರೆ ಅಲ್ಲಿಗೆ ಬರುವ ವಿಮಾನಗಳು ಕಡಿದಾದ ಇಳಿಜಾರಿಗೆಂದೇ ಪ್ರಮಾಣಪತ್ರ ಪಡೆದಿರಬೇಕು. ಭಾರಿ ವಿಮಾನ ಕಡಿದಾಗಿ ಇಳಿಯುತ್ತಾ ವೇಗವನ್ನೂ ತಗ್ಗಿಸುವುದು ಕಷ್ಟ. ಅದಕ್ಕಾಗಿ ಚಕ್ರಗಳನ್ನೂ ರೆಕ್ಕೆಯ ಫ್ಲ್ಯಾಪ್‌ಗಳನ್ನೂ ಬೇಗನೆ ಇಳಿಸಬೇಕಾಗಿ ಬಂದರೆ ಅವುಗಳ ಸುತ್ತ ನುಗ್ಗುವ ಗಾಳಿಯ ಮೊರೆತವೇ ಹೆಚ್ಚಾಗುತ್ತದೆ.

ಪ್ರಶ್ನೆ: ಜಿಪಿಎಸ್ ಸಂಕೇತವನ್ನು ಯಾರಾದರೂ ಕೆಡಿಸಿದರೆ ಬಾಗಿದ ದಾರಿಯಲ್ಲಿರುವ ವಿಮಾನದ ಗತಿಯೇನು?

ಉತ್ತರ: ಆ ಕ್ಷಣದ ಅಪಾಯಕ್ಕೆ ಸಿದ್ಧತೆಯಿದೆ. ಇಕ್ಕಟ್ಟಿನ ದಾರಿಗಳಿಗೆ ಅನುಮತಿ ಪಡೆದ ವಿಮಾನಗಳಲ್ಲಿ ಉಪಗ್ರಹವನ್ನು ಅವಲಂಬಿಸದೆ, ವಿಮಾನದ ಚಲನೆಯನ್ನೇ ಅಳೆದು ಸ್ಥಾನವನ್ನು ಲೆಕ್ಕ ಹಾಕುವ ಜಡತ್ವ ಆಧಾರಿತ ಪಥನಿರ್ದೇಶನವೂ ಇರುತ್ತದೆ. ಸಂಕೇತ ತಪ್ಪಿದರೆ ಎಚ್ಚರಿಕೆ ಬರುತ್ತದೆ, ಪೈಲಟ್ ಇಳಿಯುವುದನ್ನು ಕೈಬಿಟ್ಟು ಮೇಲೇರುತ್ತಾರೆ. ನಿಜವಾದ ತೊಂದರೆ ಅದರ ನಂತರದ್ದು: ಇಳಿಯಲು ಬೇರೆ ದಾರಿಯಿದೆಯೇ? ಎಸ್ಟೋನಿಯಾದ ಟಾರ್ಟು ನಿಲ್ದಾಣದ ಇಳಿಯುವ ದಾರಿಗಳು ಜಿಪಿಎಸ್ ಅನ್ನೇ ನೆಚ್ಚಿದ್ದವು. ಆ ಪ್ರದೇಶದಲ್ಲಿ ಸಂಕೇತಕ್ಕೆ ಅಡ್ಡಿಯಾದ ಕಾರಣ 2024ರ ಏಪ್ರಿಲ್‌ನಲ್ಲಿ ಫಿನ್‌ಏರ್ ವಿಮಾನಗಳು ಇಳಿಯಲಾಗದೆ ಮರಳಿದವು, ಏಪ್ರಿಲ್ 29ರಿಂದ ಮೇ 31ರವರೆಗೆ ಆ ಸೇವೆಯನ್ನೇ ನಿಲ್ಲಿಸಲಾಯಿತು. ಉಪಗ್ರಹವಿಲ್ಲದೆ ಇಳಿಯುವ ಪರ್ಯಾಯ ವಿಧಾನವನ್ನು ಸಿದ್ಧಪಡಿಸಿದ ಮೇಲೆ ಸೇವೆ ಮತ್ತೆ ಆರಂಭವಾಯಿತು. ಐಎಲ್‌ಎಸ್ ಹಳತೆಂದು ಕಿತ್ತುಹಾಕಲು ಆತುರಪಡುವವರು ಈ ಒಂದು ತಿಂಗಳನ್ನು ಗಮನಿಸಬೇಕು.

ಯಾರೂ ಕೇಳದ ಇನ್ನೊಂದು ಅಪಾಯವನ್ನು ಇಲ್ಲಿ ಹೇಳಬೇಕಾಗಿದೆ, ಏಕೆಂದರೆ ಅದಕ್ಕೆ ಶತ್ರುವಿನ ಕೈವಾಡ ಬೇಕಿಲ್ಲ. ಅನೇಕ ಆರ್‌ಎನ್‌ಪಿ ದಾರಿಗಳಲ್ಲಿ ಎಡ ಬಲ ತಿಳಿಯುವುದು ಉಪಗ್ರಹದಿಂದ, ಆದರೆ ಎತ್ತರ ತಿಳಿಯುವುದು ವಾಯುಭಾರದಿಂದ. ನಿಲ್ದಾಣದ ಆ ಹೊತ್ತಿನ ವಾಯುಭಾರವನ್ನು ನಿಯಂತ್ರಕರು ಹೇಳುತ್ತಾರೆ, ಪೈಲಟ್ ಅದನ್ನು ಎತ್ತರಮಾಪಕದಲ್ಲಿ ಹೊಂದಿಸುತ್ತಾರೆ. ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಾದರೆ ಎತ್ತರದಲ್ಲಿ ಸುಮಾರು 28 ಅಡಿ ವ್ಯತ್ಯಾಸ. 2022ರ ಮೇ 23ರಂದು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ, ಐಎಲ್‌ಎಸ್ ಸೇವೆಯಲ್ಲಿಲ್ಲದ ರನ್‌ವೇಯೊಂದಕ್ಕೆ ಉಪಗ್ರಹದ ನೆರವಿನಿಂದ ನೇರವಾಗಿ ಇಳಿಯುತ್ತಿದ್ದ ಎ320 ವಿಮಾನಕ್ಕೆ 1001 ಎಂದು ಹೇಳುವ ಬದಲು 1011 ಎಂದು ಹೇಳಲಾಯಿತು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು, ವಿಮಾನ ಮಾತ್ರ ಇರಬೇಕಾದ ಎತ್ತರಕ್ಕಿಂತ ಸುಮಾರು 280 ಅಡಿ ಕೆಳಗಿತ್ತು. ಮಳೆಯಲ್ಲಿ ರನ್‌ವೇ ಕಾಣದೆ ಪೈಲಟ್‌ಗಳು ಮತ್ತೆ ಮೇಲೇರಿದರು. ರನ್‌ವೇ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರವಿದ್ದಾಗ ವಿಮಾನವು ನೆಲದಿಂದ ಕೇವಲ 6 ಅಡಿ ಎತ್ತರಕ್ಕೆ ಇಳಿದಿತ್ತು ಎಂಬುದು ಫ್ರಾನ್ಸಿನ ತನಿಖೆಯಿಂದ ತಿಳಿಯಿತು. ಐಎಲ್‌ಎಸ್‌ನ ಇಳಿಜಾರು ನೆಲದ ಆಂಟೆನಾದಿಂದ ಬರುವುದರಿಂದ ಅಲ್ಲಿ ಈ ತಪ್ಪಿಗೆ ಎಡೆಯಿಲ್ಲ.

ಇದಕ್ಕೆ ಪರಿಹಾರ, ಎತ್ತರವನ್ನೂ ಉಪಗ್ರಹದಿಂದಲೇ ಪಡೆದು, ಅದರ ದೋಷವನ್ನು ನೆಲದ ಕೇಂದ್ರಗಳ ನೆರವಿನಿಂದ ತಿದ್ದುವುದು. 2003ರಲ್ಲಿ ಸೇವೆಗೆ ಬಂದ ಅಮೆರಿಕದ ವಾಸ್, ಯೂರೋಪಿನ ಎಗ್ನೋಸ್, ಭಾರತದ ಗಗನ್ ಇವೆಲ್ಲ ವಿಶಾಲ ಪ್ರದೇಶಕ್ಕೆ ಇಂತಹ ತಿದ್ದುಪಡಿ ಕಳುಹಿಸುವ ವ್ಯವಸ್ಥೆಗಳು. ಜಿಬಿಎಎಸ್ ಎಂಬ ಇನ್ನೊಂದು ವ್ಯವಸ್ಥೆ ಒಂದೇ ನಿಲ್ದಾಣಕ್ಕೆ ಸೀಮಿತ, ಹೆಚ್ಚು ನಿಖರ. ಜರ್ಮನಿಯ ಬ್ರೆಮೆನ್‌ನಲ್ಲಿ 2012ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ 2014ರಲ್ಲಿ ಇದು ಸೇವೆಗೆ ಬಂದಿತು. ಒಂದು ನೆಲೆಯಿಂದಲೇ ನಿಲ್ದಾಣದ ಎಲ್ಲ ರನ್‌ವೇಗಳಿಗೂ ಬೇರೆ ಬೇರೆ ಇಳಿಜಾರುಗಳನ್ನು ಪ್ರಸಾರ ಮಾಡಬಹುದು. ಬಾಗಿದ ಆರ್‌ಎನ್‌ಪಿ ದಾರಿಯಲ್ಲಿ ಬಂದು ಕೊನೆಯ ನೇರ ತುಂಡಿನಲ್ಲಿ ಇದನ್ನೋ ಐಎಲ್‌ಎಸ್ ಅನ್ನೋ ಹಿಡಿಯುವ ಜೋಡಣೆ ದಟ್ಟಣೆಯ ನಿಲ್ದಾಣಗಳಿಗೆ ಹೆಚ್ಚು ಒಗ್ಗುತ್ತದೆಂದು ತೋರುತ್ತದೆ.

ಪ್ರಶ್ನೆ: ಒಳಗೆ ಕುಳಿತ ಪ್ರಯಾಣಿಕರಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ?

ಉತ್ತರ: ಕಿಟಕಿಯ ಪಕ್ಕ ಕುಳಿತವರಿಗೆ ಗೊತ್ತಾಗಬಹುದು. 20 ಡಿಗ್ರಿ ವಾಲಿದ ಸಮ ತಿರುವಿನಲ್ಲಿ ಮೈಭಾರ ಶೇಕಡಾ 6ರಷ್ಟು ಹೆಚ್ಚಾದಂತೆ ಇರುತ್ತದೆ, ಬಹುಪಾಲು ಜನರ ಗಮನಕ್ಕೆ ಅದು ಬರುವುದೇ ಇಲ್ಲ. ನೆಲ ಸಾಕಷ್ಟು ಹತ್ತಿರ ಕಾಣುತ್ತಿರುವಾಗಲೂ ರೆಕ್ಕೆ ಓರೆಯಾಗಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಆ ತಿರುವಿನ ಎತ್ತರ, ವೇಗ, ತ್ರಿಜ್ಯ ಮೂರೂ ನಕ್ಷೆಯಲ್ಲಿ ಮೊದಲೇ ನಿಗದಿಯಾಗಿರುತ್ತವೆ.